ಬೆರೆಸಿದ ಪರಮಾಣು ಮತ್ತು ಕಾರಣದ ಪ್ರಶ್ನೆ

ವಿದ್ಯುತ್ ಹರಿಸಿ ಕಾರ್ಬನ್ ಡೈಆಕ್ಸೈಡನ್ನು ಉಪಯುಕ್ತ ವಸ್ತುವಾಗಿ ಮಾರ್ಪಡಿಸಲು ಲೋಹದ ವೇಗವರ್ಧಕ ಬೇಕು. ಚಿನ್ನ, ಬೆಳ್ಳಿಗಳ ಮೇಲೆ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ತವರದ ಮೇಲೆ ಫಾರ್ಮೇಟ್. ಶುದ್ಧ ಲೋಹಗಳ ಪೈಕಿ ಗಣನೀಯ ಪ್ರಮಾಣದಲ್ಲಿ ಮೀಥೇನ್, ಎಥಿಲೀನ್ ಕೊಡುವುದು ತಾಮ್ರವೊಂದೇ ಎಂಬುದನ್ನು ಜಪಾನಿನ ಯೋಶಿಯೊ ಹೋರಿ 1980ರ ದಶಕದಲ್ಲಿ ತೋರಿಸಿದರು. ಆ ತಾಮ್ರಕ್ಕೆ ಬೋರಾನ್ ಡೋಪಿಂಗ್ ಮಾಡಿದಾಗ, ಅಂದರೆ ಬೋರಾನನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದಾಗ, ಎಥಿಲೀನಿನಂಥ ಎರಡು ಕಾರ್ಬನ್‌ಗಳ ಉತ್ಪನ್ನಗಳ ಪಾಲು ಏರಿತೆಂದು 2018ರಲ್ಲಿ ವರದಿಯಾಯಿತು. ಹಾಗಾದರೆ ಎಥಿಲೀನಿಗೆ ಬೋರಾನ್ ಕಾರಣವೆನ್ನಬಹುದೇ?

ಭಾರತೀಯ ತರ್ಕಸಂಪ್ರದಾಯವಾದ ನ್ಯಾಯದರ್ಶನದ ಪ್ರಕಾರ ಕಾರ್ಯಕ್ಕೆ ಮೊದಲು ತಪ್ಪದೆ ಇದ್ದರಷ್ಟೇ ಸಾಲದು, ಕಾರಣವು ಅನ್ಯಥಾಸಿದ್ಧ, ಅಂದರೆ ಅದಿಲ್ಲದೆಯೂ ಕಾರ್ಯ ನಡೆಯುವಂಥದು, ಆಗಿರಬಾರದು. ಕುಂಬಾರನ ಮಣ್ಣು ಹೊತ್ತ ಕತ್ತೆ ಮಡಕೆಗಿಂತ ಮೊದಲೇ ಅಲ್ಲಿರುತ್ತದೆ. ಆದರೆ ಮಣ್ಣು ಬೇರೆ ದಾರಿಯಲ್ಲಿ ಬಂದರೂ ಮಡಕೆ ಆಗುವುದರಿಂದ ಕತ್ತೆ ಅದಕ್ಕೆ ಕಾರಣವಲ್ಲ. ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಆಗದು ಎಂಬ ಅನ್ವಯ-ವ್ಯತಿರೇಕಗಳಿಂದ ಇದನ್ನು ಪರೀಕ್ಷಿಸಬೇಕು.

ಪ್ರಯೋಗಾಲಯದಲ್ಲಿ ಈ ಪರೀಕ್ಷೆ ಕಾಣುವಷ್ಟು ಸುಲಭವಲ್ಲ. ಹೊಸ ಧಾತು ಸೇರಿದಾಗ ತಾಮ್ರದ ಕಣಗಳ ಗಾತ್ರ, ಮೇಲ್ಮೈಯ ಒರಟುತನ ಎರಡೂ ಬದಲಾಗಬಹುದು. ಬೋರಾನ್ ಇಲ್ಲದ ತಾಮ್ರದೊಡನೆ ಹೋಲಿಸುವವರು ಆಗ ಬೋರಾನನ್ನು ಮಾತ್ರವಲ್ಲ, ಆ ಒರಟುತನವನ್ನೂ ತೆಗೆದಿರಬಹುದು. ಅದೂ ಅಲ್ಲದೆ ವಿದ್ಯುತ್ ಹರಿಯತೊಡಗಿದೊಡನೆ ಮೇಲ್ಮೈಯ ಪರಮಾಣುಗಳು ಜಾಗ ಬದಲಿಸುತ್ತವೆ, ತಾಮ್ರದ ಆಕ್ಸೈಡ್ ಬಹುಪಾಲು ಲೋಹವಾಗಿ ಮರಳುತ್ತದೆ. ತಯಾರಿಸಿಟ್ಟ ವಸ್ತು ಒಂದು, ಕೆಲಸ ಮಾಡುವ ವಸ್ತು ಇನ್ನೊಂದು.

ಲೆಕ್ಕಕ್ಕೇ ಬಾರದ ವಸ್ತು ಕಾರಣವಾಗಿರುವುದೂ ಉಂಟು. ತಾಮ್ರದ ವಿದ್ಯುದ್ವಾರ ಸ್ವಲ್ಪ ಹೊತ್ತಿನಲ್ಲೇ ಸೊರಗುವುದೇಕೆಂದು ಹೋರಿಯವರ ತಂಡ ಹುಡುಕಿದಾಗ, ದ್ರಾವಣದಲ್ಲಿದ್ದ ಅತ್ಯಲ್ಪ ಕಬ್ಬಿಣ ಮತ್ತು ಸತು ತಾಮ್ರದ ಮೇಲೆ ಕೂರುತ್ತಿದ್ದುದು ತಿಳಿಯಿತು. ದ್ರಾವಣವನ್ನು ಮೊದಲೇ ವಿದ್ಯುತ್ತಿನಿಂದ ಶುದ್ಧೀಕರಿಸಿದಾಗ ತಾಮ್ರ ಸೊರಗಲಿಲ್ಲ. ಇದು ನಿಜವಾದ ವ್ಯತಿರೇಕ: ತೆಗೆದದ್ದು ಕಲ್ಮಶವನ್ನು ಮಾತ್ರ.

ನ್ಯಾಯದರ್ಶನ ಇನ್ನೊಂದನ್ನೂ ಕೇಳುತ್ತದೆ. ಕರಣ, ಅಂದರೆ ಸಾಧನ, ಎನಿಸಿಕೊಳ್ಳುವುದು ಯಾವ ವ್ಯಾಪಾರದ (ನಡುವಣ ಕ್ರಿಯೆಯ) ಮೂಲಕ ಕಾರ್ಯವನ್ನು ಹುಟ್ಟಿಸಿತು? ಬೋರಾನಿನ ವಿಷಯದಲ್ಲಿ ಕೊಡುವ ಉತ್ತರ ಹೀಗಿದೆ: ಅದು ನೆರೆಯ ತಾಮ್ರದಿಂದ ಎಲೆಕ್ಟ್ರಾನುಗಳನ್ನು ತುಸು ಸೆಳೆಯುತ್ತದೆ, ಆ ತಾಮ್ರದ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಂಟುವ ಬಲ ಬದಲಾಗುತ್ತದೆ, ಎರಡು ಅಣುಗಳು ಜೋಡಿಯಾಗುವುದು ಸುಲಭವಾಗುತ್ತದೆ. ಎಥಿಲೀನಿನ ಸಮವಾಯಿ ಕಾರಣ, ಅಂದರೆ ಅದು ಯಾವುದರಿಂದ ಆಗಿದೆಯೋ ಆ ದ್ರವ್ಯ, ಕಾರ್ಬನ್ ಮತ್ತು ಹೈಡ್ರೋಜನ್; ಅದನ್ನು ಆಗಿಸುವ ನಿಮಿತ್ತ ತಾಮ್ರ. ಬೋರಾನ್ ಆ ನಿಮಿತ್ತವನ್ನು ತಿದ್ದುವ ಸಹಕಾರಿ.

ಆದ್ದರಿಂದ ಯಾವುದೇ ಡೋಪಿಂಗ್‌ಗೆ ಎರಡು ಸಾಕ್ಷ್ಯಗಳು ಬೇಕು: ಮೇಲ್ಮೈಯ ಆಕಾರ ಹಾಗೇ ಉಳಿಸಿ ಬೆರೆಸಿದ ಧಾತುವನ್ನಷ್ಟೇ ತೆಗೆದ ಹೋಲಿಕೆ, ಮತ್ತು ವಿದ್ಯುತ್ ಹರಿಯುತ್ತಿರುವಾಗಲೇ ಎಕ್ಸ್-ರೇ ಮುಂತಾದವುಗಳಿಂದ ಮಾಡಿದ ಅಳತೆ. ಇವೆರಡೂ ಇಲ್ಲದ ಕಡೆ ಬೆರೆಸಿದ ಧಾತುವನ್ನು ಕಾರಣವೆಂದು ಬರೆಯುವುದು ತಪ್ಪು. ಅದು ಇನ್ನೂ ಊಹೆ.