ಅಳತೆಯ ಧರ್ಮ

ಅಳತೆಯಿಲ್ಲದೆ ಲೋಕವ್ಯವಹಾರವಿಲ್ಲ. ಧಾನ್ಯವನ್ನು ಅಳೆಯದೆ, ಚಿನ್ನವನ್ನು ತೂಗದೆ ಕೊಡುಕೊಳ್ಳುವಿಕೆ ನಡೆಯದು. ಆದುದರಿಂದಲೇ ಶ್ರಾವಕಾಚಾರವನ್ನು ನಿರೂಪಿಸಿದ ಆಚಾರ್ಯರು ಅಳತೆಯನ್ನು ನಿಷೇಧಿಸಲಿಲ್ಲ. ಅಳತೆಯಲ್ಲಿನ ವಂಚನೆಯನ್ನು ನಿಷೇಧಿಸಿದರು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಳ್ಳುವುದಕ್ಕೊಂದು, ಕೊಡುವುದಕ್ಕೊಂದು ತೂಕದ ಕಲ್ಲನ್ನು ಇಟ್ಟುಕೊಂಡವನ ವ್ರತಕ್ಕೆ ದೋಷ ತಗಲುವುದೆಂದು ಅದರ ತಾತ್ಪರ್ಯ. ಧಾನ್ಯದ ವಿಷಯದಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ಮಕ್ಕಳ ಯೋಗ್ಯತೆಯನ್ನು ಅಳೆಯಹೊರಟಾಗ ಎಷ್ಟು ಎಚ್ಚರ ಬೇಕೆಂಬುದು ವಿಚಾರಣೀಯ.

ಈ ವಿಚಾರಕ್ಕೆ ಅಮೆರಿಕ ದೇಶದ ಕಾಲೇಜು ಪ್ರವೇಶ ಪರೀಕ್ಷೆಗಳ ಇತಿಹಾಸವು ಉತ್ತಮ ನಿದರ್ಶನವಾಗಿದೆ. ಅಲ್ಲಿ ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿರುವ ವಿದ್ಯಾರ್ಥಿಗಳು ಎಸ್.ಎ.ಟಿ. ಅಥವಾ ಎ.ಸಿ.ಟಿ. ಎಂಬ ಪರೀಕ್ಷೆಗೆ ಕುಳಿತುಕೊಳ್ಳುವುದು ವಾಡಿಕೆ. ಮೊದಲನೆಯದರ ಅಂಕಗಳು 400ರಿಂದ 1600ರವರೆಗೆ, ಎರಡನೆಯದರವು 1ರಿಂದ 36ರವರೆಗೆ. ಅಲ್ಲಿ ನೆಲೆಸಿರುವ ಜೈನ ಕುಟುಂಬಗಳ ಮಕ್ಕಳೂ ಹದಿನಾರು, ಹದಿನೇಳರ ಪ್ರಾಯದಲ್ಲಿ ಈ ತಕ್ಕಡಿಯನ್ನು ಏರಬೇಕಾಗುತ್ತದೆ.

ಎಸ್.ಎ.ಟಿ. ಪರೀಕ್ಷೆಯು ಮೊದಲು ನಡೆದುದು 1926ರ ಜೂನ್ ತಿಂಗಳಲ್ಲಿ. ಸುಮಾರು 8000 ವಿದ್ಯಾರ್ಥಿಗಳು ಅದಕ್ಕೆ ಕುಳಿತಿದ್ದರು. ಅದನ್ನು ರೂಪಿಸಿದ ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಕಾರ್ಲ್ ಬ್ರಿಗಮ್, ಅದಕ್ಕೂ ಮೊದಲು, 1923ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಸೈನಿಕರಿಗೆ ಕೊಟ್ಟ ಬುದ್ಧಿಪರೀಕ್ಷೆಗಳ ಆಧಾರದಿಂದ ಜನಾಂಗಗಳಲ್ಲಿಯೇ ಹುಟ್ಟುಬುದ್ಧಿಯ ಮೇಲುಕೀಳುಗಳನ್ನು ಎಣಿಸಿದ್ದರು. ಆದರೆ 1930ರಲ್ಲಿ ಅವರೇ ತಮ್ಮ ನಿರ್ಣಯಗಳು ನಿರಾಧಾರವೆಂದು ಬಹಿರಂಗವಾಗಿ ಹಿಂತೆಗೆದುಕೊಂಡರು. ಪರೀಕ್ಷೆಯ ಹೆಸರಿನಲ್ಲಿದ್ದ ‘ಸಹಜಸಾಮರ್ಥ್ಯ’ ಎಂಬರ್ಥದ ಪದವು ಮಾತ್ರ ಬಹುಕಾಲ ಉಳಿದು, 1990ರ ದಶಕದಲ್ಲಿ ಬಿಟ್ಟುಹೋಯಿತು. ಈಗ ಆ ಮೂರು ಅಕ್ಷರಗಳಿಗೆ ಯಾವ ವಿಸ್ತರಣೆಯೂ ಇಲ್ಲ.

ಹೆಸರಿನ ಈ ಹಿಂಜರಿಕೆಯಲ್ಲಿ ಒಂದು ಸತ್ಯವಡಗಿದೆ. ಜೈನ ತತ್ತ್ವದ ಪ್ರಕಾರ ಜ್ಞಾನವು ಆತ್ಮದ ಸ್ವಭಾವ. ಅದು ಯಾವ ಜೀವಿಯಲ್ಲಿಯೂ ಇಲ್ಲವೆಂಬುದಿಲ್ಲ. ಹೆಚ್ಚುಕಡಿಮೆಯಿರುವುದು ಜ್ಞಾನಾವರಣದಲ್ಲಿ ಮಾತ್ರ. ಹೀಗಿರುವಲ್ಲಿ ಪರೀಕ್ಷೆಯು ತೋರಿಸುವುದು ಒಂದು ದಿನ, ಕೆಲವು ಗಂಟೆಗಳಲ್ಲಿ, ಎಷ್ಟು ಪ್ರಕಟವಾಯಿತೆಂಬುದನ್ನೇ ಹೊರತು ಒಳಗೆ ಎಷ್ಟಿದೆಯೆಂಬುದನ್ನಲ್ಲ. ಮತಿಜ್ಞಾನದ ಭೇದಗಳನ್ನು ಹೇಳುವಾಗ ಪೂರ್ವಾಚಾರ್ಯರು ಕ್ಷಿಪ್ರವನ್ನೂ ಅಕ್ಷಿಪ್ರವನ್ನೂ, ಅಂದರೆ ಶೀಘ್ರವಾಗಿ ಅರಿಯುವುದನ್ನೂ ನಿಧಾನವಾಗಿ ಅರಿಯುವುದನ್ನೂ, ಎರಡನ್ನೂ ಜ್ಞಾನವೆಂದೇ ಗಣಿಸಿದರು. ಗಡಿಯಾರವನ್ನಿಟ್ಟು ನಡೆಸುವ ಪರೀಕ್ಷೆಯು ಮೊದಲನೆಯದಕ್ಕೆ ಬೆಲೆಕಟ್ಟಿ ಎರಡನೆಯದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ.

ಇದರಿಂದ ಪರೀಕ್ಷೆಯೇ ಸುಳ್ಳೆಂದು ಹೇಳುವಂತಿಲ್ಲ. ಎಸ್.ಎ.ಟಿ.ಯನ್ನು ನಡೆಸುವ ಸಂಸ್ಥೆಯು ಕಾಲೇಜು ಸಿದ್ಧತೆಯ ಗುರುತಾಗಿ ಗಣಿತಕ್ಕೆ 530, ಓದು ಮತ್ತು ಬರೆಹಕ್ಕೆ 480 ಅಂಕಗಳನ್ನು ನಿಗದಿಪಡಿಸಿದೆ. ಅಷ್ಟು ಅಂಕ ಪಡೆದವನು ಕಾಲೇಜಿನ ಮೊದಲ ಅವಧಿಯ ಸಂಬಂಧಿತ ಪಾಠದಲ್ಲಿ ‘ಸಿ’ ಶ್ರೇಣಿಯನ್ನಾದರೂ ಗಳಿಸುವ ಸಂಭವ ಶೇ. 75 ಎಂದು ಅದರ ಅರ್ಥ. ಇದು ಮಿತಿಯನ್ನು ಒಪ್ಪಿಕೊಂಡ ಮಾತು. ನಾಲ್ವರಲ್ಲಿ ಒಬ್ಬನ ವಿಷಯದಲ್ಲಿ ಎಣಿಕೆ ತಪ್ಪಬಹುದೆಂದು ಮೊದಲೇ ಹೇಳುವ ಮಾತು. ದೋಷವು ಹುಟ್ಟುವುದು, ತಂದೆತಾಯಿಗಳೂ ಸಂಸ್ಥೆಗಳೂ ಈ ‘ಸಂಭವ’ವನ್ನು ‘ನಿಶ್ಚಯ’ವೆಂದು ಓದಿಕೊಂಡಾಗ. ಒಂದು ನಯವನ್ನೇ ಪ್ರಮಾಣವೆಂದು ಹಿಡಿಯುವುದು ಏಕಾಂತ.

ಧನವಂತರು ಈ ತಕ್ಕಡಿಯನ್ನು ತಮ್ಮ ಕಡೆಗೆ ಬಾಗಿಸಬಲ್ಲರೆಂಬುದೂ ಗುಪ್ತವಾಗಿಲ್ಲ. 2019ರಲ್ಲಿ ಅಲ್ಲಿ ಬಯಲಾದ ಹಗರಣದಲ್ಲಿ, ಕೆಲವು ಶ್ರೀಮಂತ ಪೋಷಕರು ಹಣ ಕೊಟ್ಟು ತಮ್ಮ ಮಕ್ಕಳ ಉತ್ತರಗಳನ್ನೇ ತಿದ್ದಿಸಿದ್ದರು. ಹೆಚ್ಚಿನ ಸಮಯ ದೊರೆಯಲೆಂದು ಇಲ್ಲದ ಕಲಿಕೆಯ ತೊಂದರೆಯನ್ನು ಇದೆಯೆಂದು ಬರೆಯಿಸಿದ್ದರು. ಇದು ನೇರವಾದ ಚೌರ್ಯ. ಆದರೆ ನ್ಯಾಯಾಲಯದ ಮೆಟ್ಟಿಲೇರದ ಅಸಮತೆ ಇದಕ್ಕಿಂತ ದೊಡ್ಡದು. 2023ರಲ್ಲಿ ಪ್ರಕಟವಾದ ಅಧ್ಯಯನದಂತೆ, 1300ಕ್ಕೂ ಹೆಚ್ಚು ಅಂಕ ಪಡೆಯುವ ಸಂಭವವು ಅತ್ಯಂತ ಶ್ರೀಮಂತ ಶೇ. 1 ಕುಟುಂಬಗಳ ಮಕ್ಕಳಿಗೆ ಬಡಕುಟುಂಬಗಳ ಮಕ್ಕಳಿಗಿಂತ ಸುಮಾರು 13 ಪಟ್ಟು ಹೆಚ್ಚು. ಅಲ್ಲಿ ಯಾರೂ ಕಳ್ಳತನ ಮಾಡಬೇಕಾಗಿಲ್ಲ. ಒಳ್ಳೆಯ ಶಾಲೆ, ಖಾಸಗಿ ಪಾಠ, ನಿಶ್ಚಿಂತವಾದ ಮನೆ ಇವೇ ಸಾಕು.

ಹಾಗಾದರೆ ತಕ್ಕಡಿಯನ್ನೇ ಎಸೆದುಬಿಡುವುದು ಧರ್ಮವೇ? 2020ರ ಮಹಾಮಾರಿಯ ಕಾಲದಲ್ಲಿ ಬಹುಪಾಲು ಕಾಲೇಜುಗಳು ಅಂಕಗಳನ್ನು ಕಡ್ಡಾಯವಾಗಿ ಕೇಳುವುದನ್ನು ಬಿಟ್ಟವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರವೇಶದಲ್ಲಿ ಅವುಗಳನ್ನು ನೋಡುವುದನ್ನೇ ಕೈಬಿಟ್ಟಿತು. ಆದರೆ ಎಂ.ಐ.ಟಿ. ಸಂಸ್ಥೆಯು 2022ರಲ್ಲಿ, ಡಾರ್ಟ್‌ಮತ್ ಕಾಲೇಜು 2024ರಲ್ಲಿ ಪರೀಕ್ಷೆಯನ್ನು ಮರಳಿ ಕಡ್ಡಾಯಗೊಳಿಸಿದವು. ಡಾರ್ಟ್‌ಮತ್ತಿನ ಪ್ರಾಧ್ಯಾಪಕರು ಕಂಡುಕೊಂಡ ಸಂಗತಿ ಗಮನಾರ್ಹ: ಕಷ್ಟದ ಹಿನ್ನೆಲೆಯಿಂದ ಬಂದ ಎಷ್ಟೋ ವಿದ್ಯಾರ್ಥಿಗಳು ತಮ್ಮ ಅಂಕಗಳು ಸಾಲವೆಂದು ಅಂಜಿ ಅವನ್ನು ಮುಚ್ಚಿಟ್ಟಿದ್ದರು, ಕಳುಹಿಸಿದ್ದರೆ, ಅವರ ಪರಿಸ್ಥಿತಿಯ ಹಿನ್ನೆಲೆಯಲ್ಲಿ ಅವೇ ಅಂಕಗಳು ಅವರಿಗೆ ನೆರವಾಗುತ್ತಿದ್ದವು. ಅಂಕವಿಲ್ಲದ ಕಡೆ ಶಿಫಾರಸು ಪತ್ರ, ಬರೆದುಕೊಂಡ ಪ್ರಬಂಧ, ದುಬಾರಿ ಕ್ರೀಡೆಗಳ ಸಾಧನೆ ಇವುಗಳ ತೂಕ ಹೆಚ್ಚುತ್ತದೆ; ಇವೂ ಉಳ್ಳವರಿಗೆ ಸುಲಭವಾದವುಗಳೇ. ‘ಅಂಕವೇ ಎಲ್ಲ’ ಎಂಬುದು ಒಂದು ಏಕಾಂತವಾದರೆ ‘ಅಂಕ ಏನೂ ಅಲ್ಲ’ ಎಂಬುದು ಇನ್ನೊಂದು ಏಕಾಂತ. ಎರಡರಲ್ಲಿಯೂ ನಷ್ಟ ಹೊಂದುವವನು ಬಡವನೇ.

ಈ ಪ್ರಶ್ನೆ ಕಡಲಾಚೆಯದೆಂದು ಸುಮ್ಮನಿರುವಂತಿಲ್ಲ. ವಿದ್ಯಾರ್ಥಿವೇತನ ನೀಡುವ ಪ್ರತಿಯೊಂದು ಬಸದಿಯ ಟ್ರಸ್ಟೂ, ಪ್ರತಿಯೊಂದು ಸಮಾಜ ನಿಧಿಯೂ ಇದೇ ತಕ್ಕಡಿಯನ್ನು ಕೈಯಲ್ಲಿ ಹಿಡಿದಿದೆ. ದಾನದ ಹಿರಿಮೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ಅವಲಂಬಿಸಿದೆ. ಪಾತ್ರವನ್ನು ಅಂಕಪಟ್ಟಿಯೊಂದರಿಂದಲೇ ನಿರ್ಧರಿಸಿದರೆ, ಮನೆಪಾಠದ ಸೌಕರ್ಯವಿದ್ದು ಶೇ. 90 ಪಡೆದವನು ಮುಂದೆ ಬಂದು, ಸಂಜೆಯೆಲ್ಲ ಅಂಗಡಿಯಲ್ಲಿ ದುಡಿದು ಶೇ. 80 ಪಡೆದವಳು ಹಿಂದುಳಿಯುವಳು. ಅಂಕವನ್ನೇ ನೋಡದಿದ್ದರೆ ಆ ಸ್ಥಾನವನ್ನು ಪರಿಚಯವೂ ಬಂಧುತ್ವವೂ ಆಕ್ರಮಿಸುವುವು. ಆದುದರಿಂದ ಅಂಕವನ್ನು ಕೇಳಬೇಕು. ಜೊತೆಗೆ ಅದನ್ನು ಯಾವ ಪರಿಸ್ಥಿತಿಯಲ್ಲಿ ಗಳಿಸಿದ್ದೆಂಬುದನ್ನೂ ವಿಚಾರಿಸಬೇಕು. ಆಯ್ಕೆಯ ಕ್ರಮವನ್ನು ಅರ್ಜಿದಾರರಿಗೆ ಮುಂಚಿತವಾಗಿಯೇ ತಿಳಿಸಬೇಕು.

ತಂದೆತಾಯಿಗಳ ಹೊಣೆಯೂ ಕಡಿಮೆಯದಲ್ಲ. ಮಗುವಿನ ಅಂಕವನ್ನು ನೆರೆಮನೆಯ ಮಗುವಿನ ಅಂಕದೊಡನೆ ಹೋಲಿಸಿ ನೋಯಿಸುವ ಮಾತು ಕೂಡ ಹಿಂಸೆಯೇ. ಪರೀಕ್ಷೆಗೆ ಶ್ರದ್ಧೆಯಿಂದ ಸಿದ್ಧಗೊಳಿಸುವುದು ಕರ್ತವ್ಯ. ಫಲಿತಾಂಶ ಬಂದ ದಿನ, ಅದು ಏನೇ ಆಗಿರಲಿ, ಮಗುವಿನೊಡನೆ ಎಂದಿನಂತೆ ಕುಳಿತು ಊಟ ಮಾಡುವುದೂ ಅಷ್ಟೇ ಕರ್ತವ್ಯ.