ಹಾಸಿಗೆ ಉದ್ದವಿದ್ದವನ ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದರು. ಗಿಡ್ಡ ಹಾಸಿಗೆಯವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿವಾದ ಬೇಕಿಲ್ಲ. ಆದರೆ ಹಾಸಿಗೆಯ ಇನ್ನೊಂದು ತುದಿ ಕಣ್ಣಿಗೇ ಕಾಣದಷ್ಟು ಉದ್ದವಾಗಿರುವವನು ಏನು ಮಾಡಬೇಕು? ಅವನು ಎಷ್ಟು ಚಾಚಿದರೂ ಗಾದೆಯನ್ನು ಮೀರಿದಂತಾಗುವುದಿಲ್ಲ. ಈ ಸಂದೇಹ ನನಗೆ ಹುಟ್ಟಿದ್ದು ಒಂದು ಮೋಟಾರು ಕಾರಿನ ವಿವರಗಳನ್ನು ಓದುತ್ತಿದ್ದಾಗ.

ಕಾರಿನ ಹೆಸರು ಬುಗಾಟಿ ವೇರಾನ್. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ಒಡೆತನದಲ್ಲಿ, ಫ್ರಾನ್ಸಿನ ಮೋಲ್ಸೈಮ್ ಎಂಬ ಊರಿನಲ್ಲಿ, 2005ರಿಂದ 2015ರವರೆಗೆ ಇಂಥ 450 ಕಾರುಗಳು ತಯಾರಾದವು. ಎಂಜಿನ್ನಿಗೆ 16 ಸಿಲಿಂಡರುಗಳು, 1001 ಅಶ್ವಶಕ್ತಿ; ಬೆಲೆ 10 ಲಕ್ಷ ಯೂರೋಗಳಿಗೂ ಮೇಲೆ. ಅದರ ಪರಮಾವಧಿ ವೇಗ ಗಂಟೆಗೆ 407 ಕಿಲೋಮೀಟರು. ಈ ವೇಗವನ್ನು ಮುಟ್ಟಬೇಕಾದರೆ ಮಾಮೂಲಿನ ಬೀಗದ ಕೈ ಸಾಲದು. ಕಾರನ್ನು ನಿಲ್ಲಿಸಿ, ಆಸನದ ಪಕ್ಕದಲ್ಲಿರುವ ಬೇರೊಂದು ಬೀಗಕ್ಕೆ ಬೇರೊಂದು ಕೈ ಹಾಕಿ ತಿರುಗಿಸಬೇಕು. ಆ ಮೇಲಷ್ಟೆ ಗರ್ಭಗುಡಿಯ ಪ್ರವೇಶ.

ಇದರ ಪೆಟ್ರೋಲಿನ ತೊಟ್ಟಿ 100 ಲೀಟರು ಹಿಡಿಯುತ್ತದೆ. ಪರಮಾವಧಿ ವೇಗದಲ್ಲಿ ಓಡಿಸಿದರೆ ಅದು ಸುಮಾರು 12 ನಿಮಿಷಗಳಲ್ಲಿ ಬರಿದಾಗುತ್ತದೆ. ಅಷ್ಟರಲ್ಲಿ ಸಾಗುವ ದೂರ 80 ಕಿಲೋಮೀಟರಿನಷ್ಟು. ಬೆಂಗಳೂರು ಬಿಟ್ಟವರು ಮದ್ದೂರಿನಲ್ಲಿ ವಡೆ ತಿನ್ನಲು ಇಳಿಯುವ ಹೊತ್ತಿಗೆ ತೊಟ್ಟಿ ಖಾಲಿ. ನಮ್ಮಲ್ಲಿ ಹೊಸ ಕಾರು ಕೊಂಡವರನ್ನು ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕೊಡುತ್ತೆ?’ ಹಸುವಿನ ವಿಷಯದಲ್ಲಿ ಕೇಳುವಂತೆಯೇ. ವೇರಾನಿನ ಒಡೆಯನನ್ನು ಹೀಗೆ ಕೇಳುವ ಧೈರ್ಯ ಯಾರಿಗಿದ್ದೀತು?

ಇದರಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲ. ತಪ್ಪು ಗಾಳಿಯದು. ನಿಧಾನವಾಗಿ ನಡೆಯುವವನಿಗೆ ಗಾಳಿ ಇದೆಯೆಂಬುದೇ ತಿಳಿಯದು. ಓಡುವವನಿಗೆ ಅದು ಗೋಡೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ಭೇದಿಸಲು ಬೇಕಾದ ಶಕ್ತಿ ಎಂಟರಷ್ಟು. ಈ ಲೆಕ್ಕದಂತೆ, 1001 ಅಶ್ವಶಕ್ತಿಯಲ್ಲಿ ಕಾಲು ಪಾಲಿಗಿಂತ ಕಡಮೆ ಸಾಕು, ಕಾರು ಗಂಟೆಗೆ 250 ಕಿಲೋಮೀಟರು ಓಡುತ್ತದೆ. ಉಳಿದ ಮುಕ್ಕಾಲು ಪಾಲಿಗೂ ಹೆಚ್ಚು ಶಕ್ತಿ ವ್ಯಯವಾಗುವುದು ಕೊನೆಯ 157 ಕಿಲೋಮೀಟರುಗಳ ವೇಗಕ್ಕಾಗಿ. ಅದೂ ಸಾಲದೆಂಬಂತೆ, ಉರಿದ ಪೆಟ್ರೋಲಿನ ಶಕ್ತಿಯ ಬಹುಭಾಗ ಬರಿಯ ಶಾಖವಾಗಿ ಹೊರಟುಹೋಗುತ್ತದೆ. ಆ ಶಾಖವನ್ನು ಹೊರದಬ್ಬಲು ಈ ಕಾರಿಗೆ ಒಂದಲ್ಲ, ಎರಡಲ್ಲ, 10 ರೇಡಿಯೇಟರುಗಳು!

‘ಎಂಥ ದುಂದು!’ ಎಂದು ಉದ್ಗರಿಸುವುದು ಸುಲಭ. ಆದರೆ ವಕೀಲನೊಬ್ಬ ಕಾರಿನ ಪರವಾಗಿ ಎದ್ದು ನಿಂತರೆ ಅವನ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ. ‘ಸ್ವಾಮಿ, ಅವನ ದುಡ್ಡು, ಅವನ ಪೆಟ್ರೋಲು. ತೆರಿಗೆಯನ್ನೂ ಕಟ್ಟಿದ್ದಾನೆ. ಆ 12 ನಿಮಿಷದ ಓಟವನ್ನು ಅವನು ದಿನಾ ಓಡುವುದೂ ಇಲ್ಲ. ಸಾಧಾರಣ ಸವಾರಿಯಲ್ಲಿ ಈ ಕಾರು 100 ಕಿಲೋಮೀಟರಿಗೆ ಸುಮಾರು 24 ಲೀಟರು ಕುಡಿಯುತ್ತದೆಂದು ಯೂರೋಪಿನ ಅಧಿಕೃತ ಪರೀಕ್ಷೆಯೇ ಹೇಳುತ್ತದೆ. ಇಂಥ ಕಾರನ್ನು ಒರಸಿ ಮುಸುಕು ಹಾಕಿ ಇಡುವುದೇ ಹೆಚ್ಚು. ವರ್ಷಕ್ಕೆ 2000 ಕಿಲೋಮೀಟರು ಓಡಿತೆಂದೇ ಇಟ್ಟುಕೊಳ್ಳಿ. ಖರ್ಚು 480 ಲೀಟರು. ತಾವು ದಿನವೂ ಕಚೇರಿಗೆ ಒಬ್ಬರೇ ಕುಳಿತು ಹೋಗುವ ಪುಟ್ಟ ಕಾರು 100 ಕಿಲೋಮೀಟರಿಗೆ 6 ಲೀಟರು ಕುಡಿದು, ವರ್ಷಕ್ಕೆ 12,000 ಕಿಲೋಮೀಟರು ಓಡಿದರೆ 720 ಲೀಟರು. ಈಗ ಹೇಳಿ, ದುಂದುಗಾರ ಯಾರು?’

ಲೆಕ್ಕದಲ್ಲಿ ದೋಷವಿಲ್ಲ. ಪುಟ್ಟ ಕಾರುಗಳು ಕೋಟಿಗಟ್ಟಲೆ ಇವೆ, ವೇರಾನ್‌ಗಳು 450 ಎಂಬುದನ್ನೂ ಸೇರಿಸಿದರೆ ವಕೀಲನ ಕೈಯೇ ಮೇಲಾಗುತ್ತದೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಯಾತಕ್ಕೆ ಒಪ್ಪುವುದಿಲ್ಲವೆಂದು ಹುಡುಕುತ್ತ ಹೋದಾಗ ನನಗೆ ನೆನಪಾದದ್ದು ನಮ್ಮ ಊಟದ ಎಲೆ. ವರ್ಷಕ್ಕೆ ನೂರಾರು ಪಲ್ಲ ಭತ್ತ ಬರುವ ಮನೆಯ ಯಜಮಾನನೂ ಎಲೆಯಿಂದಾಚೆ ಬಿದ್ದ ಅಗುಳನ್ನು ಎತ್ತಿ ಒಳಗೆ ಹಾಕಿಕೊಳ್ಳುತ್ತಿದ್ದ. ಅಕ್ಕಿಗೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಂದು ಅಗುಳಿನಿಂದ ಅವನಿಗಾಗುವ ನಷ್ಟವಾದರೂ ಎಷ್ಟು? ಏನೂ ಇಲ್ಲ. ಹಾಗಾದರೆ ಅದು ಹಾಸಿಗೆಯ ಗಾದೆಗೆ ಸೇರಿದ ಮಿತವ್ಯಯವಲ್ಲ. ಒಂದು ಮಿತವ್ಯಯ ನನ್ನ ಚೀಲವನ್ನು ನೋಡಿ ಹುಟ್ಟುತ್ತದೆ. ಚೀಲ ತುಂಬಿದ ದಿನ ಅದು ಸಾಯುತ್ತದೆ. ಇನ್ನೊಂದು ವಸ್ತುವನ್ನು ನೋಡಿ ಹುಟ್ಟುತ್ತದೆ. ಅದಕ್ಕೆ ಚೀಲದ ಗೊಡವೆಯಿಲ್ಲ.

ಪೆಟ್ರೋಲಿಗೆ ಈ ಎರಡನೆಯ ಮರ್ಯಾದೆ ಎಂದೂ ದೊರೆಯಲಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿ ಬದುಕಿ ಸತ್ತ ಸೂಕ್ಷ್ಮ ಜೀವಿಗಳು ತಳದ ಕೆಸರಿನಲ್ಲಿ ಹೂತು, ಒತ್ತಡದಲ್ಲಿ ಬೆಂದು, ಎಣ್ಣೆಯಾದವು. ಬೆಳೆದವನು ರೈತನಲ್ಲ, ಮುಂದಿನ ಸುಗ್ಗಿಯೂ ಇಲ್ಲ. ಇಷ್ಟಾದರೂ ಆಯುಧಪೂಜೆಯ ದಿನ ನಾವು ಕಾರಿಗೆ ಅರಿಸಿನ ಕುಂಕುಮ ಹಚ್ಚುತ್ತೇವೆ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತೇವೆ; ಒಳಗಿನ ಎಣ್ಣೆಗೆ ಒಂದು ಹೂವೂ ಇಲ್ಲ. ಬೆಲೆಯೊಂದೇ ಅದಕ್ಕೆ ನಾವು ಇಟ್ಟ ಕಾವಲು. ವೇರಾನಿನ ಒಡೆಯನನ್ನು ತಡೆಯಲು ಆ ಕಾವಲಿಗೆ ಶಕ್ತಿಯಿಲ್ಲ.

ವಕೀಲ ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ‘ಗೋಪುರ ಅಷ್ಟು ಎತ್ತರ ಇರಬೇಕಾಗಿತ್ತೆ? ದುಂದಿಲ್ಲದ ಲೋಕದಲ್ಲಿ ಕಲೆ ಎಲ್ಲಿಯದು?’ ಎನ್ನುತ್ತಾನೆ. ಈ ಮಾತಿಗೆ ನಾನು ಅರ್ಧ ಸೋಲುತ್ತೇನೆ. ವೇರಾನ್ ಒಂದು ಅದ್ಭುತವೆಂಬುದರಲ್ಲಿ ಸಂಶಯವಿಲ್ಲ. ಅದನ್ನು ಮಾಡಿದವರ ಜಾಣ್ಮೆಗೆ ಕೈಮುಗಿಯಬೇಕು. ಆದರೆ ಗೋಪುರ ಕಟ್ಟಿದ ಖರ್ಚು ಗೋಪುರವಾಗಿ ನಿಂತಿದೆ, ಬಡವನೂ ತಲೆಯೆತ್ತಿ ನೋಡುತ್ತಾನೆ. ಆ 12 ನಿಮಿಷಗಳಲ್ಲಿ ಉರಿದ 100 ಲೀಟರು 230 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಊರ ಮೇಲೆ ಹೋಗುತ್ತದೆ. ಆನಂದ ಒಬ್ಬನದು, ಹೊಗೆ ಎಲ್ಲರದು. ಕಾಲು ಅವನ ಹಾಸಿಗೆಯೊಳಗೇ ಇದೆ, ನಿಜ. ಹೊಗೆಗೆ ಹಾಸಿಗೆಯ ಅಂಚು ಕಾಣುವುದಿಲ್ಲ. ಇದೇ ಮಾತನ್ನು ಕಚೇರಿಗೆ ಹೋಗುವ ಪುಟ್ಟ ಕಾರಿಗೂ ಹೇಳಬಹುದೆಂದು ವಕೀಲ ನಗುತ್ತಾನೆ. ಹೇಳಬಹುದು. ಆದರೆ ಹಸಿವಿಗೆ ತಿಂದ ಅನ್ನವನ್ನೂ ಪಂದ್ಯಕ್ಕಾಗಿ ತಿಂದ ಅನ್ನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬಾರದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಯೋಚನೆಗೆ ಹಚ್ಚಿದ್ದು ಈ ಕಾರನ್ನು ಮಾಡಿಸಿದ ಮನುಷ್ಯನ ಸಂಗತಿ. ಫರ್ಡಿನಾಂಡ್ ಪಿಯೆಖ್ ಎಂಬುವರು 1993ರಿಂದ 2002ರವರೆಗೆ ಫೋಕ್ಸ್‌ವ್ಯಾಗನ್ನಿನ ಮುಖ್ಯಸ್ಥರಾಗಿದ್ದರು. ಪ್ರಸಿದ್ಧ ಎಂಜಿನಿಯರ್ ಫರ್ಡಿನಾಂಡ್ ಪೋರ್ಷೆಯವರ ಮಗಳ ಮಗ. ವೇರಾನ್ ಅವರ ಹಟದ ಕೂಸು. ಆ ಕೂಸು ಇನ್ನೂ ಕಾರ್ಖಾನೆಯಲ್ಲಿ ಬೆಳೆಯುತ್ತಿದ್ದಾಗಲೇ, 2002ರ ಏಪ್ರಿಲಿನಲ್ಲಿ, ಅವರು ವೊಲ್ಫ್ಸ್‌ಬರ್ಗಿನಿಂದ ಹ್ಯಾಂಬರ್ಗಿಗೆ ಷೇರುದಾರರ ಸಭೆಗೆ ತಾವೇ ಕಾರು ನಡೆಸಿಕೊಂಡು ಹೊರಟರು. ಯಾವ ಕಾರು? ಒಂದೇ ಸಿಲಿಂಡರು, 290 ಕಿಲೋಗ್ರಾಮು ತೂಕ. ಒಬ್ಬರ ಹಿಂದೆ ಒಬ್ಬರು ಕೂರುವ, ಗಾಳಿಯನ್ನು ಕೆಣಕದೆ ನುಸುಳುವ ಸಪೂರ ಡೀಸೆಲ್ ವಾಹನ. ಅದು ದಾರಿಯಲ್ಲಿ ಕುಡಿದದ್ದು 100 ಕಿಲೋಮೀಟರಿಗೆ 0.89 ಲೀಟರು ಮಾತ್ರ. ಗಾಳಿಯ ಗೋಡೆಯನ್ನು ಒಡೆಯಬೇಕೆಂಬ ಹಂಬಲವೂ ಅದರ ಸಂದಿಯಲ್ಲಿ ತೂರಿಹೋಗಬೇಕೆಂಬ ಹಂಬಲವೂ ಒಂದೇ ತಲೆಯಲ್ಲಿ, ಒಂದೇ ಕಾಲದಲ್ಲಿ, ಜಗಳವಾಡದೆ ಇದ್ದವು!

ಆ ಸಪೂರ ಕಾರಿನ ವಂಶದಲ್ಲಿ ಹುಟ್ಟಿದ ಎಕ್ಸ್‌ಎಲ್1 ಎಂಬುದು 2013ರಲ್ಲಿ ಮಾರಾಟಕ್ಕೆ ಬಂತು. 100 ಕಿಲೋಮೀಟರಿಗೆ 0.9 ಲೀಟರು; ತೊಟ್ಟಿ 10 ಲೀಟರಿನದು. ಅಷ್ಟು ಎಣ್ಣೆಯನ್ನು ವೇರಾನ್ ತನ್ನ ಪರಮಾವಧಿ ವೇಗದಲ್ಲಿ ಒಂದೂಕಾಲು ನಿಮಿಷದೊಳಗೆ ಮುಗಿಸುತ್ತದೆ. ಆದರೆ ಇದೂ ಇಂಗಾಲದ ನಾರಿನಿಂದ ಮಾಡಿದ್ದು, ಇದರ ಬೆಲೆಯೂ ಲಕ್ಷ ಯೂರೋ ದಾಟಿತ್ತು. ಅವರು ಮಾಡಿದ್ದು 250 ಮಾತ್ರ. ಅಷ್ಟು ಹಣ ಕೊಟ್ಟು, ಆ ಹಣವನ್ನು ಡೀಸೆಲಿನ ಉಳಿತಾಯದಿಂದ ಮರಳಿ ಪಡೆಯಬೇಕಾದರೆ ಒಂದು ಜನ್ಮ ಸಾಲದು. ಕೊಂಡವರಿಗೆ ಇಷ್ಟು ಗಣಿತ ಬಾರದೆ ಇದ್ದೀತೆ? ಅವರು ಚೀಲವನ್ನು ನೋಡಿ ಕೊಂಡವರಲ್ಲ. ಅಗುಳನ್ನು ಎತ್ತಿಕೊಂಡ ಯಜಮಾನನ ಮನಸ್ಸು ಅವರದಾಗಿತ್ತೋ, ಅಥವಾ ವೇರಾನ್ ಕೊಂಡವನಂತೆ ಅವರಿಗೂ ಬೀದಿಯವರು ತಿರುಗಿ ನೋಡಲೆಂಬ ಆಸೆಯೋ, ಕಾರನ್ನು ನೋಡಿ ಹೇಳುವ ಹಾಗಿಲ್ಲ.