ಕಲ್ಲಿನಂಥ ಅಕ್ಷರ

ಕೊಪ್ಪಳದ ನಮ್ಮ ಪುಟ್ಟ ವಾಚನಾಲಯದ ಒಳಗೋಡೆಗೆ ಒಂದು ವಾಕ್ಯ ಬೇಕಾಗಿತ್ತು. ಕನ್ನಡ ಪಾಠ ಹೇಳುವವನೆಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ‘ಇಲ್ಲಿ ಎಲ್ಲರಿಗೂ ಸ್ವಾಗತ’ ಎಂದು ಬರೆದುಕೊಟ್ಟೆ. ಕಲ್ಲಿನಲ್ಲಿ ಕೆತ್ತಿಸಬೇಕೆಂಬ ಆಸೆ ಸಮಿತಿಯವರಿಗಿತ್ತು. ಅಷ್ಟು ಹಣವಿರಲಿಲ್ಲ, ಆ ಭಾರ ಹೊರುವ ಶಕ್ತಿ ತೆಳುಗೋಡೆಗೂ ಇರಲಿಲ್ಲ. ಕಡೆಗೆ ಬೋರ್ಡು ಬರೆಯುವವನೊಬ್ಬ ಥರ್ಮೋಕೋಲಿನಲ್ಲಿಯೇ ಕಲ್ಲಿನ ಅಕ್ಷರ ಮಾಡಿಕೊಡಲು ಒಪ್ಪಿದ.

ಅವನ ಕೆಲಸ ನೋಡುತ್ತ ಕುಳಿತೆ. ಕಾದ ತಂತಿಯಿಂದ ಅಕ್ಷರಗಳನ್ನು ಕೊರೆದ. ಅಂಚನ್ನು ಅಲ್ಲಲ್ಲಿ ಚಿವುಟಿ ಉಳಿಯೇಟಿನ ಗುರುತು ಮೂಡಿಸಿದ. ಎಣ್ಣೆಬಣ್ಣದ ಥಿನ್ನರ್ ತಾಗಿದರೆ ಥರ್ಮೋಕೋಲು ಕರಗಿಹೋಗುತ್ತದೆ. ಆದ್ದರಿಂದ ಮೊದಲು ಅಂಟು ಬೆರೆಸಿದ ಪುಟ್ಟಿ ಬಳಿದು, ಅದು ಹಸಿಯಿರುವಾಗಲೇ ಸಣ್ಣ ಮರಳು ಉದುರಿಸಿದ. ಒಣಗಿದ ಮೇಲೆ ಬೂದುಬಣ್ಣ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಪ್ಪು ಬಿಳಿ ಚುಕ್ಕೆಗಳನ್ನು ಸಿಡಿಸಿದ. ನಾಲ್ಕು ಮಾರು ದೂರ ನಿಂತರೆ ಸಾಕ್ಷಾತ್ ಗ್ರಾನೈಟು!

“ಇದು ಮೋಸ ಅಲ್ಲೇನಪಾ?” ಎಂದೆ.

“ಕಲ್ಲು ಅಂತ ನಾ ಎಲ್ಲಿ ಹೇಳೇನ್ರೀ ಸರ? ಕಲ್ಲಿನಂಗ ಅಂತ ಹೇಳೇನಿ.”

ವರ್ಷ ವರ್ಷವೂ ಅಲಂಕಾರಶಾಸ್ತ್ರ ಪಾಠ ಹೇಳುವ ನನಗೆ ಈ ಉತ್ತರ ಹೊಳೆದಿರಲಿಲ್ಲ. ‘ಅಂತೆ’ ಎಂಬ ಮಾತು ಇರುವತನಕ ಅದು ಉಪಮೆ, ಸುಳ್ಳಲ್ಲ. ಅನುಕರಣೆಯೇ ಪಾಪವಾದರೆ ಯಲಬುರ್ಗಾ ಸೀಮೆಯ ಇಟಗಿಯ ಮಹಾದೇವ ದೇವಾಲಯವನ್ನೂ ದೂರಬೇಕಾದೀತು. 1112ರ ಆ ಗುಡಿಯನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಅಲ್ಲಿಯ ಬಳಪದ ಕಲ್ಲಿನ ಕಂಬಗಳು ಬಡಗಿ ಕಡೆದ ಮರದಂತೆ ನುಣುಪಾಗಿವೆ. ಅಲ್ಲಿ ಕಲ್ಲು ಮರವನ್ನು ನಟಿಸಿತು, ಯಾರೂ ಮೋಸಹೋಗಲಿಲ್ಲ.

ಹಾಗಾದರೆ ಸುಳ್ಳು ಇರುವುದೆಲ್ಲಿ? ಅದನ್ನು ನನಗೆ ಕಲಿಸಿದವನು ಒಬ್ಬ ಹುಡುಗ. ಒಂದು ಸಂಜೆ ಮೇಜಿನ ಬಳಿ ನಾನೇ ಇದ್ದೆ. ಹನ್ನೆರಡು ವರ್ಷದವನಿರಬಹುದು, ಧೂಳುಗಾಲಿನಲ್ಲಿ ಒಳಗೆ ಬಂದು ಚಿತ್ರದ ಪುಸ್ತಕವೊಂದಕ್ಕೆ ಕೈಯಿಟ್ಟ. “ಸದಸ್ಯರಿಗೆ ಮಾತ್ರಪಾ” ಎಂದೆ. ಅದು ನಮ್ಮ ನಿಯಮವೇ ಆಗಿತ್ತು. ಹುಡುಗ ಗೋಡೆಯ ಕಡೆ ತಲೆಯೆತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ, ನನ್ನ ಮುಖ ನೋಡಿದ, ಹೊರಟುಹೋದ. ಅಕ್ಷರಗಳು ಸುಳ್ಳಾಗಿರಲಿಲ್ಲ, ವಾಕ್ಯ ಸುಳ್ಳಾಗಿತ್ತು. ಅದನ್ನು ಬರೆದವನೂ ನಾನೇ, ಸುಳ್ಳು ಮಾಡಿದವನೂ ನಾನೇ.

ನಮ್ಮೂರಿನ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದ ಬರಹ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವರಿಗೂ ದೊರೆತೀತು ಎಂಬುದು ಅದರ ತಿರುಳು. ಈ ಶ್ರಮ ಬಹುಕಾಲ ನಿಲ್ಲಲಿ ಎಂಬ ಹಾರೈಕೆಯೂ ಅದರಲ್ಲುಂಟು. ಬಂಡೆಗೆ ಮಾತು ಕೆತ್ತಿಸುವವನು ಅದನ್ನು ಹಿಂತೆಗೆಯುವ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ಕಲ್ಲಿನ ಗೌರವ ಹುಟ್ಟಿದ್ದು ಅಲ್ಲಿಂದ. ನಾವು ಆ ಗೌರವವನ್ನು ಮಾತ್ರ ಬಯಸಿದೆವು, ಹಿಂತೆಗೆಯುವ ದಾರಿಯನ್ನು ತೆರೆದೇ ಇಟ್ಟುಕೊಂಡಿದ್ದೆವು.

ಹಾಗೆಂದು ಕಲ್ಲನ್ನು ಕುರುಡಾಗಿ ನಂಬುವಂತಿಲ್ಲ. ಹತ್ತಿರದ ಪಾಲ್ಕಿಗುಂಡಿನಲ್ಲಿ ಅಶೋಕನ ಅದೇ ಮಾತು ಬಹುಮಟ್ಟಿಗೆ ಸವೆದುಹೋಗಿದೆ. ಕಟ್ಟಡವೇ ಏಳದ ಜಾಗದಲ್ಲಿ ನಿಜವಾದ ಗ್ರಾನೈಟಿನ ಅಡಿಗಲ್ಲು ನಿಂತಿರುವುದನ್ನು ಯಾರು ತಾನೆ ಕಂಡಿಲ್ಲ? ಅಲ್ಲಿ ಕಲ್ಲು ಅಪ್ಪಟವೇ. ಮಾತು ಮಾತ್ರ ಥರ್ಮೋಕೋಲು.

ಮುಂದಿನ ಸಭೆಯಲ್ಲಿ ನಡೆದುದನ್ನು ಹೇಳಿ ತಪ್ಪೊಪ್ಪಿಕೊಂಡೆ. ವಾಕ್ಯವನ್ನು ತೆಗೆಯೋಣವೇ, ನಿಯಮವನ್ನೇ ತೆಗೆಯೋಣವೇ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ವಾಕ್ಯ ಉಳಿಯಿತು. ಈಗ ಯಾರು ಬೇಕಾದರೂ ಒಳಗೆ ಕುಳಿತು ಓದಬಹುದು. ಮನೆಗೆ ಒಯ್ಯಲು ಮಾತ್ರ ಸದಸ್ಯತ್ವ ಬೇಕು.

ಆ ಹುಡುಗ ಇನ್ನೂ ಬಂದಿಲ್ಲ. ಸಂಜೆ ಮೇಜಿನ ಬಳಿ ಕುಳಿತಾಗಲೆಲ್ಲ ನನ್ನ ಕಣ್ಣು ಬಾಗಿಲ ಕಡೆಗೇ ಇರುತ್ತದೆ.